ಕಾರಂತರಿಗಿಂತ ಒಂದೇ ದಿನಕ್ಕೆ ಕಿರಿಯರು ಯಾರು?

ಹಿಂದಿನ ಸಂಚಿಕೆಯಲ್ಲಿ ಹುಟ್ಟಿದ ವರ್ಷಗಳ ಬಗ್ಗೆ ಪ್ರಶ್ನೆ ಕಳಿಸಿ ಎಂದಿದ್ದೆವು. ಬಂದ ಪತ್ರಗಳಲ್ಲಿ ಹಲವು ಒಂದೇ ವಿಷಯ ಕೇಳಿದ್ದವು. ಅವನ್ನು ಒಟ್ಟುಗೂಡಿಸಿ ಇಲ್ಲಿ ಉತ್ತರಿಸಿದ್ದೇವೆ.

ನಮ್ಮ ಶಾಲೆಯ ಗ್ರಂಥಾಲಯದಲ್ಲಿ ಶಿವರಾಮ ಕಾರಂತರ ಓರಗೆಯವರ ಗೋಡೆಪಟ್ಟಿ ಮಾಡಬೇಕೆಂದಿದ್ದೇವೆ. ಅವರ ವರ್ಷದಲ್ಲೇ ಹುಟ್ಟಿದ ಬೇರೆ ಯಾರಿದ್ದಾರೆ?
— ಶಿಕ್ಷಕರು, ಕುಂದಾಪುರ

ಒಳ್ಳೆಯ ವರ್ಷವನ್ನೇ ಆರಿಸಿಕೊಂಡಿದ್ದೀರಿ. ಕಾರಂತರು ಕೋಟದಲ್ಲಿ ಹುಟ್ಟಿದ್ದು 1902ರ ಅಕ್ಟೋಬರ್ 10ರಂದು, ಶುಕ್ರವಾರ. ಮರುದಿನ ಶನಿವಾರ, ಅಕ್ಟೋಬರ್ 11ರಂದು, ಸಿತಾಬ್ ದಿಯಾರಾದಲ್ಲಿ ಜಯಪ್ರಕಾಶ ನಾರಾಯಣ್ ಹುಟ್ಟಿದರು. ಕಾರಂತರ ದಿನಕ್ಕೆ ಸರಿಯಾಗಿ ಎರಡು ತಿಂಗಳಿಗೆ, ಡಿಸೆಂಬರ್ 10ರಂದು, ಹಲವಾಗಲಿನಲ್ಲಿ ಎಸ್. ನಿಜಲಿಂಗಪ್ಪ. ಡಿಸೆಂಬರ್ 23ರಂದು ಚೌಧರಿ ಚರಣ್ ಸಿಂಗ್. ದೇಶದಾಚೆಗೆ ಹೋದರೆ ಅದೇ ವರ್ಷದ ಆಗಸ್ಟ್ 8ರಂದು ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಭೌತವಿಜ್ಞಾನಿ ಪಾಲ್ ಡಿರಾಕ್.

ಬರೀ ಹೆಸರು ಅಂಟಿಸಿದರೆ ಮಕ್ಕಳು ನಿಂತು ನೋಡುವುದಿಲ್ಲ. ಈ ನಾಲ್ವರು ಭಾರತೀಯರ ಬದುಕು ಎಲ್ಲೆಲ್ಲಿ ಹೆಣೆದುಕೊಂಡಿತು ಎಂಬುದನ್ನು ತೋರಿಸಿ. ನಿಜಲಿಂಗಪ್ಪನವರು ಕಾಂಗ್ರೆಸ್ ಅಧ್ಯಕ್ಷರಾಗಿದ್ದಾಗಲೇ, 1969ರಲ್ಲಿ, ಪಕ್ಷ ಒಡೆಯಿತು. 1975ರಲ್ಲಿ ತುರ್ತುಪರಿಸ್ಥಿತಿ ಬಂದಾಗ ಜಯಪ್ರಕಾಶರು ಜೈಲು ಸೇರಿದರು. ಅದೇ ತುರ್ತುಪರಿಸ್ಥಿತಿಯನ್ನು ಪ್ರತಿಭಟಿಸಿ ಕಾರಂತರು ಪದ್ಮಭೂಷಣ ಹಿಂದಿರುಗಿಸಿದರು. 1979ರ ಜುಲೈನಲ್ಲಿ ಚರಣ್ ಸಿಂಗ್ ಪ್ರಧಾನಿಯಾದರು. ಅದೇ ಅಕ್ಟೋಬರ್ 8ರಂದು, 77 ತುಂಬಲು ಮೂರು ದಿನ ಇರುವಾಗ, ಜಯಪ್ರಕಾಶರು ತೀರಿಕೊಂಡರು. ಕಾರಂತರು 1997ರವರೆಗೆ, ನಿಜಲಿಂಗಪ್ಪನವರು 2000ದವರೆಗೆ ಬಾಳಿದರು.

ಇನ್ನು ಪಟ್ಟಿ ಮಾಡುವ ಬಗೆ. 12 ತಿಂಗಳಿಗೆ 12 ಸಮ ಅಂಕಣ ಎಳೆದರೆ ಈ ವರ್ಷದ ಮಟ್ಟಿಗೆ ಕೆಡುತ್ತದೆ. ಮೊದಲ ಏಳು ಅಂಕಣ ಖಾಲಿ ಬಿದ್ದು, ಕೊನೆಯ ಮೂರರಲ್ಲಿ ನೂಕುನುಗ್ಗಲಾಗುತ್ತದೆ. ಅದರ ಬದಲು 3 ಮೀಟರ್ 65 ಸೆಂಟಿಮೀಟರ್ ಉದ್ದದ ದಾರ ಕಟ್ಟಿ. ಒಂದು ಸೆಂಟಿಮೀಟರಿಗೆ ಒಂದು ದಿನ. ಎಡತುದಿಯಿಂದ ಅಳೆದರೆ ಡಿರಾಕ್ 220ಕ್ಕೆ, ಕಾರಂತರು 283ಕ್ಕೆ, ಜಯಪ್ರಕಾಶರು 284ಕ್ಕೆ, ನಿಜಲಿಂಗಪ್ಪ 344ಕ್ಕೆ, ಚರಣ್ ಸಿಂಗ್ 357ಕ್ಕೆ ಬರುತ್ತಾರೆ. ಕಾರ್ಡು 10 ಸೆಂಟಿಮೀಟರ್ ಅಗಲ ಇದ್ದರೆ ಕಾರಂತರ ಕಾರ್ಡು ಜಯಪ್ರಕಾಶರದನ್ನು ಮುಚ್ಚಿಬಿಡುತ್ತದೆ. ಒಂದನ್ನು ದಾರದ ಮೇಲಕ್ಕೆ, ಇನ್ನೊಂದನ್ನು ಕೆಳಕ್ಕೆ ಇಳಿಬಿಡಿ. ಆ ಎರಡು ಕ್ಲಿಪ್ಪುಗಳು ಒಂದಕ್ಕೊಂದು ತಾಗಿಕೊಂಡಿರುವುದನ್ನು ಕಂಡಾಗ ಮಕ್ಕಳೇ ಕಾರಣ ಕೇಳುತ್ತಾರೆ. ಅಧಿಕ ವರ್ಷವಾದರೆ ದಾರ ಒಂದು ಸೆಂಟಿಮೀಟರ್ ಉದ್ದ ಇರಲಿ, ಮಾರ್ಚ್‌ನಿಂದ ಮುಂದಿನ ಎಲ್ಲ ಅಳತೆಗೂ ಒಂದು ಸೇರಿಸಿ.

ನಮ್ಮ ಅಜ್ಜನ ಜಾತಕದಲ್ಲಿ ಇಸವಿಯೇ ಇಲ್ಲ, ‘ಕ್ರೋಧಿ ಸಂವತ್ಸರ’ ಎಂದಿದೆ. ಕುವೆಂಪು ಅವರೂ ಕ್ರೋಧಿಯಲ್ಲೇ ಹುಟ್ಟಿದ್ದಂತೆ. ಹಾಗಾದರೆ ಇಬ್ಬರೂ ಒಂದೇ ವರ್ಷದವರೇ?
— ಓದುಗರು, ತೀರ್ಥಹಳ್ಳಿ

ಆಗಿರಬಹುದು, ಆದರೆ ಸಂವತ್ಸರದ ಹೆಸರೊಂದೇ ಸಾಲದು. ಪಂಚಾಂಗದ ವರ್ಷಗಳಿಗೆ ಪ್ರಭವದಿಂದ ಅಕ್ಷಯದವರೆಗಿನ 60 ಹೆಸರುಗಳು ಸುತ್ತುತ್ತಲೇ ಇರುತ್ತವೆ. 1904, 1964, 2024 ಮೂರೂ ಕ್ರೋಧಿಯೇ.

ಲೆಕ್ಕ ಹೀಗೆ. ಯುಗಾದಿಯ ನಂತರದ ದಿನವಾದರೆ ಇಸವಿಯಿಂದ 6 ಕಳೆದು 60ರಿಂದ ಭಾಗಿಸಿ. ಉಳಿದ ಶೇಷವೇ ಪ್ರಭವದಿಂದ ಎಣಿಸಿದ ಸಂವತ್ಸರದ ಸಂಖ್ಯೆ. ಶೇಷ ಸೊನ್ನೆ ಬಂದರೆ ಅಕ್ಷಯ. ಜನವರಿ 1ರಿಂದ ಯುಗಾದಿಯ ಹಿಂದಿನ ದಿನದವರೆಗೆ ಹುಟ್ಟಿದವರಾದರೆ ಮೊದಲು ಇಸವಿಯಲ್ಲೇ ಒಂದು ಕಡಿಮೆ ಮಾಡಿಕೊಂಡು ಆಮೇಲೆ 6 ಕಳೆಯಬೇಕು. ಎಲ್ಲರೂ ಎಡವುವುದು ಇಲ್ಲೇ.

ಕುವೆಂಪು ಹಿರೇಕೊಡಿಗೆಯಲ್ಲಿ ಹುಟ್ಟಿದ್ದು 1904ರ ಡಿಸೆಂಬರ್ 29. 1904ರಲ್ಲಿ 6 ಕಳೆದರೆ 1898, ಅದನ್ನು 60ರಿಂದ ಭಾಗಿಸಿದರೆ ಶೇಷ 38. ಮೂವತ್ತೆಂಟನೆಯದು ಕ್ರೋಧಿ. ಅಂದಿನ ಪಂಚಾಂಗ ಮಾರ್ಗಶಿರ ಬಹುಳ ಸಪ್ತಮಿ, ಗುರುವಾರ.

ನಿಮ್ಮ ಅಜ್ಜನ ಜಾತಕದಲ್ಲೂ ಮಾಸ, ಪಕ್ಷ, ತಿಥಿ, ವಾರ ಇದ್ದೇ ಇರುತ್ತವೆ. 60 ವರ್ಷದ ಅಂತರದ ಎರಡು ಕ್ರೋಧಿಗಳಲ್ಲಿ ತಿಥಿಯೂ ವಾರವೂ ಒಟ್ಟಿಗೆ ಕೂಡಿಬರುವುದು ಅಪರೂಪ. ಹಳೆಯ ಪಂಚಾಂಗದಲ್ಲಿ ಆ ತಿಥಿ ಯಾವ ವಾರ ಬಿದ್ದಿದೆ ನೋಡಿದರೆ ವರ್ಷ ಗಟ್ಟಿಯಾಗುತ್ತದೆ. ಜಾತಕದಲ್ಲಿ ಶಾಲಿವಾಹನ ಶಕೆ ಬರೆದಿದ್ದರೆ ಇನ್ನೂ ಸಲೀಸು. ಯುಗಾದಿಯಿಂದ ಡಿಸೆಂಬರ್ 31ರವರೆಗೆ ಶಕೆಗೆ 78 ಸೇರಿಸಿ, ಜನವರಿಯಿಂದ ಯುಗಾದಿಯವರೆಗೆ 79 ಸೇರಿಸಿ. ಕುವೆಂಪು ಅವರದು ಶಕ 1826. 78 ಕೂಡಿದರೆ 1904.

ಎರಡು ಎಚ್ಚರಿಕೆ. ಪಂಚಾಂಗದ ದಿನ ಸೂರ್ಯೋದಯಕ್ಕೆ ಶುರುವಾಗುತ್ತದೆ, ಇಂಗ್ಲಿಷ್ ತಾರೀಖು ನಡುರಾತ್ರಿಗೆ. ಬೆಳಗಿನ ಜಾವ ಮೂರಕ್ಕೆ ಹುಟ್ಟಿದ ಮಗುವಿಗೆ ಜಾತಕದಲ್ಲಿ ಬುಧವಾರ ಎಂದಿದ್ದರೆ ಕ್ಯಾಲೆಂಡರಿನಲ್ಲಿ ಅದು ಗುರುವಾರ. ವಾರ ಒಂದು ದಿನ ಹಿಂದೆ ಕಂಡ ಮಾತ್ರಕ್ಕೆ ಜಾತಕವೇ ತಪ್ಪೆಂದು ತಳ್ಳಿಹಾಕಬೇಡಿ. ಎರಡನೆಯದು, ಈ ಲೆಕ್ಕ ನಮ್ಮ ದಕ್ಷಿಣದ ಪದ್ಧತಿಗೆ ಮಾತ್ರ. ಉತ್ತರದಲ್ಲಿ ಗುರುಗ್ರಹದ ಚಲನೆಯ ಪ್ರಕಾರ ಎಣಿಸುವುದರಿಂದ ಸುಮಾರು 85 ವರ್ಷಕ್ಕೊಮ್ಮೆ ಒಂದು ಹೆಸರನ್ನು ಬಿಟ್ಟು ಮುಂದೆ ಹೋಗುತ್ತಾರೆ. ಕಾಶಿಯಲ್ಲಿ ಬರೆಸಿದ ಜಾತಕಕ್ಕೆ ಇದು ಹೊಂದುವುದಿಲ್ಲ.

ಅಜ್ಜ 1904ರ ಕ್ರೋಧಿಯವರೇ ಆಗಿದ್ದರೆ ಅವರ ಓರಗೆಯಲ್ಲಿ ಕುವೆಂಪು ಅಲ್ಲದೆ ಲಾಲ್ ಬಹಾದ್ದೂರ್ ಶಾಸ್ತ್ರಿಯವರೂ ಇದ್ದಾರೆ, ಅಕ್ಟೋಬರ್ 2.

ಬೇಂದ್ರೆಯವರದು ಮನ್ಮಥ ಸಂವತ್ಸರ. ಮನ್ಮಥ ಎಂದರೆ 1895 ಅಲ್ಲವೇ? ಪುಸ್ತಕಗಳಲ್ಲಿ 1896 ಎಂದೇಕಿದೆ?
— ಓದುಗರು, ಧಾರವಾಡ

ಪುಸ್ತಕವೂ ಸರಿ, ಸಂವತ್ಸರವೂ ಸರಿ. ಬೇಂದ್ರೆ ಹುಟ್ಟಿದ್ದು 1896ರ ಜನವರಿ 31, ಶುಕ್ರವಾರ. ಆಗ ಯುಗಾದಿ ಇನ್ನೂ ಬಂದಿರಲಿಲ್ಲ, 1895ರ ಯುಗಾದಿಗೆ ಶುರುವಾದ ಮನ್ಮಥವೇ ನಡೆಯುತ್ತಿತ್ತು. ಮೇಲೆ ಹೇಳಿದಂತೆ 1895ರಲ್ಲಿ 6 ಕಳೆದು ಭಾಗಿಸಿದರೆ ಶೇಷ 29, ಮನ್ಮಥ. ಜನವರಿಯಿಂದ ಮಾರ್ಚ್‌ವರೆಗೆ ಹುಟ್ಟಿದವರೆಲ್ಲರ ವಿಷಯದಲ್ಲೂ ಈ ಗೊಂದಲ ಬರುತ್ತದೆ. ಸಂವತ್ಸರ ನೋಡಿ ಇಸವಿ ಬರೆದವರು ಒಂದು ವರ್ಷ ಹಿಂದೆ ಹೋಗಿಬಿಡುತ್ತಾರೆ.

ಬೇಂದ್ರೆಯವರ ಇಸವಿಯ ಜೊತೆಗಾರ ಮೊರಾರ್ಜಿ ದೇಸಾಯಿ. 1896ರ ಫೆಬ್ರವರಿ 29ರಂದು ಹುಟ್ಟಿದವರು, ಬೇಂದ್ರೆಯವರಿಗಿಂತ 29 ದಿನ ಚಿಕ್ಕವರು. ಅವರಿಗೆ ನಿಜವಾದ ಹುಟ್ಟುಹಬ್ಬ ಎಷ್ಟು ಸಲ ಬಂತು ಎಂದು ರಸಪ್ರಶ್ನೆಗಳಲ್ಲಿ ಕೇಳುವುದುಂಟು. ನಾಲ್ಕು ವರ್ಷಕ್ಕೊಂದು ಎಂದು ಎಣಿಸಿ 24 ಎಂದರೆ ತಪ್ಪು. 1900 ಅಧಿಕ ವರ್ಷವಲ್ಲ. ನೂರರಿಂದ ಭಾಗವಾಗುವ ಇಸವಿ 400ರಿಂದಲೂ ಭಾಗವಾದರೆ ಮಾತ್ರ ಫೆಬ್ರವರಿಗೆ 29 ದಿನ. ಹಾಗಾಗಿ ಅವರ ಮೊದಲ ಫೆಬ್ರವರಿ 29 ಬಂದದ್ದು 1904ರಲ್ಲಿ, ಎಂಟು ತುಂಬಿದಾಗ. ಕೊನೆಯದು 1992ರಲ್ಲಿ. ಒಟ್ಟು 23.

ಸರ್ ಎಂ.ವಿ. (ವಿಶ್ವೇಶ್ವರಯ್ಯ) ಅವರ ಹುಟ್ಟಿದ ವರ್ಷ 1860ಓ 1861ಓ? ರವೀಂದ್ರನಾಥ ಟಾಗೋರರ ಜೊತೆ ಅವರನ್ನು ಸೇರಿಸಬಹುದೇ?
— ಎಂಜಿನಿಯರಿಂಗ್ ವಿದ್ಯಾರ್ಥಿ, ಮಂಡ್ಯ

ದಿನ, ತಿಂಗಳುಗಳಲ್ಲಿ ಭಿನ್ನಾಭಿಪ್ರಾಯ ಇಲ್ಲ, ಸೆಪ್ಟೆಂಬರ್ 15. ಇಸವಿ ಮಾತ್ರ ಹೆಚ್ಚಿನ ಪುಸ್ತಕಗಳಲ್ಲಿ 1861, ಕೆಲವುದರಲ್ಲಿ 1860. ಅಂಚೆ ಇಲಾಖೆ ಅವರ ಜನ್ಮಶತಮಾನೋತ್ಸವದ ಅಂಚೆಚೀಟಿ ತಂದದ್ದು 1960ರ ಸೆಪ್ಟೆಂಬರ್ 15ರಂದು, ಅವರು ಬದುಕಿರುವಾಗಲೇ. ಅದನ್ನು ನೋಡಿದವರು 1960ಕ್ಕೆ ನೂರು ತುಂಬಿತು, ಅಂದರೆ 1860 ಎನ್ನುತ್ತಾರೆ. ಆದರೆ 1861 ಎಂದಿಟ್ಟುಕೊಂಡರೂ ಆ ದಿನ ಅವರಿಗೆ 99 ತುಂಬಿ ನೂರನೆಯದು ನಡೆಯತೊಡಗಿತ್ತು. ‘ನೂರು ತುಂಬಿತು’, ‘ನೂರಕ್ಕೆ ಬಿದ್ದರು’ ಇವೆರಡರ ನಡುವೆ ಒಂದು ಇಡೀ ವರ್ಷದ ಅಂತರವಿದೆ. ನಮ್ಮಲ್ಲಿ ವಯಸ್ಸು ಹೇಳುವಾಗ ನಡೆಯುತ್ತಿರುವ ವರ್ಷ ಹೇಳುವ ರೂಢಿಯೇ ಹೆಚ್ಚು. ಹೀಗಾಗಿ ಚೀಟಿಯೊಂದರಿಂದಲೇ ತೀರ್ಮಾನಿಸಲಾಗದು. ಇಂಥ ಕಡೆ ಸಂವತ್ಸರ ನೆರವಿಗೆ ಬರುತ್ತದೆ. ಸೆಪ್ಟೆಂಬರ್ 1860 ರೌದ್ರಿ, ಸೆಪ್ಟೆಂಬರ್ 1861 ದುರ್ಮತಿ, ಎರಡು ಹೆಸರು ಬೆರೆಯುವುದೇ ಇಲ್ಲ.

ನೀವು ಪಟ್ಟಿಯಲ್ಲಿ 1861 ಎಂದೇ ಬರೆಯಿರಿ, ಪಕ್ಕದಲ್ಲಿ ‘1860 ಎಂದೂ ಉಂಟು’ ಎಂದು ಗುರುತು ಹಾಕಿ. 1861ರ ಸಾಲು ದೊಡ್ಡದು. ಮೇ 6ಕ್ಕೆ ಮೋತಿಲಾಲ್ ನೆಹರೂ, ಮೇ 7ಕ್ಕೆ ಟಾಗೋರ್ (ಇಲ್ಲೂ ಒಂದೇ ದಿನದ ಅಂತರ), ಆಗಸ್ಟ್ 2ಕ್ಕೆ ರಸಾಯನಶಾಸ್ತ್ರಜ್ಞ ಪ್ರಫುಲ್ಲಚಂದ್ರ ರಾಯ್, ಡಿಸೆಂಬರ್ 25ಕ್ಕೆ ಮದನಮೋಹನ ಮಾಳವೀಯ. 1860 ಎಂದಾದರೆ ವಿಶ್ವೇಶ್ವರಯ್ಯನವರ ಜೊತೆಗಾರ ಸಂಗೀತಶಾಸ್ತ್ರಜ್ಞ ವಿಷ್ಣು ನಾರಾಯಣ ಭಾತಖಂಡೆ, ಆಗಸ್ಟ್ 10.

ಗೆಲಿಲಿಯೋ ಸತ್ತ ವರ್ಷವೇ ನ್ಯೂಟನ್ ಹುಟ್ಟಿದ ಎಂದು ಓದಿದ್ದೇನೆ. ನಿಜವೇ?
— ವಿಜ್ಞಾನ ಶಿಕ್ಷಕಿ, ಬಳ್ಳಾರಿ

ಕೇಳಲು ಬಹಳ ಚೆಂದ, ಆದರೆ ಎರಡು ಕ್ಯಾಲೆಂಡರ್ ಬೆರೆಸಿದಾಗ ಮಾತ್ರ ನಿಜ. ಗೆಲಿಲಿಯೋ ತೀರಿಕೊಂಡದ್ದು 1642ರ ಜನವರಿ 8. ಅದು ಇಟಲಿಯ ಹೊಸ ಗ್ರೆಗೋರಿಯನ್ ಲೆಕ್ಕ. ನ್ಯೂಟನ್ ಹುಟ್ಟಿದ್ದು 1642ರ ಡಿಸೆಂಬರ್ 25. ಅದು ಇಂಗ್ಲೆಂಡಿನ ಹಳೆಯ ಜೂಲಿಯನ್ ಲೆಕ್ಕ. ಆ ಶತಮಾನದಲ್ಲಿ ಎರಡಕ್ಕೂ 10 ದಿನ ವ್ಯತ್ಯಾಸ. ಇಬ್ಬರನ್ನೂ ಹೊಸ ಲೆಕ್ಕಕ್ಕೆ ತಂದರೆ ನ್ಯೂಟನ್ ಹುಟ್ಟಿದ್ದು 1643ರ ಜನವರಿ 4. ಇಬ್ಬರನ್ನೂ ಹಳೆಯದಕ್ಕೆ ಒಯ್ದರೆ ಗೆಲಿಲಿಯೋ ಸತ್ತದ್ದು 1641ರ ಡಿಸೆಂಬರ್ 29. ಎರಡರಲ್ಲೂ ವರ್ಷ ಕೂಡುವುದಿಲ್ಲ.

ತರಗತಿಯಲ್ಲಿ ಹೇಳಲು ಗಟ್ಟಿಯಾದ ಜೋಡಿ ಬೇಕಿದ್ದರೆ ಗೆಲಿಲಿಯೋ ಮತ್ತು ಷೇಕ್ಸ್‌ಪಿಯರ್‌ರನ್ನು ತೆಗೆದುಕೊಳ್ಳಿ. ಗೆಲಿಲಿಯೋ ಹುಟ್ಟಿದ್ದು 1564ರ ಫೆಬ್ರವರಿ 15, ಷೇಕ್ಸ್‌ಪಿಯರ್‌ಗೆ ದೀಕ್ಷಾಸ್ನಾನವಾದದ್ದು 1564ರ ಏಪ್ರಿಲ್ 26. ಹೊಸ ಕ್ಯಾಲೆಂಡರ್ ಬಂದದ್ದು 1582ರಲ್ಲಿ, ಆದ್ದರಿಂದ ಇಬ್ಬರದೂ ಒಂದೇ ಲೆಕ್ಕ.

ಇಂಗ್ಲೆಂಡಿನ ಹಳೆಯ ದಾಖಲೆಗಳಲ್ಲಿ ಇನ್ನೊಂದು ತೊಡಕಿದೆ. 1752ಕ್ಕೆ ಮುಂಚೆ ಅಲ್ಲಿ ಕಾನೂನಿನ ಪ್ರಕಾರ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಜಾರ್ಜ್ ವಾಷಿಂಗ್ಟನ್ ಹುಟ್ಟಿದಾಗ ಬರೆದ ತಾರೀಖು 1731ರ ಫೆಬ್ರವರಿ 11. ಈಗ ನಾವು ಬರೆಯುವುದು 1732ರ ಫೆಬ್ರವರಿ 22. ದಿನ 11 ಮುಂದೆ ಹೋಯಿತು, ವರ್ಷವೂ ಒಂದು ಏರಿತು. ಯುಗಾದಿಗೆ ಮುಂಚೆ ಹುಟ್ಟಿದ ಬೇಂದ್ರೆಯವರ ಸಮಸ್ಯೆಯೇ ಇದು.

ಒಂದೇ ವರ್ಷ ಹುಟ್ಟಿದವರು ಒಂದೇ ಕಾಲದವರು ಎನ್ನಬಹುದೇ?
— ಓದುಗರು, ಮುಳಬಾಗಿಲು

ನಿಮ್ಮ ಊರಿನವರನ್ನೇ ನೋಡಿ. ಡಿ.ವಿ. ಗುಂಡಪ್ಪನವರು ಹುಟ್ಟಿದ್ದು 1887ರ ಮಾರ್ಚ್ 17. ಗಣಿತಜ್ಞ ಶ್ರೀನಿವಾಸ ರಾಮಾನುಜನ್ ಹುಟ್ಟಿದ್ದು ಅದೇ ವರ್ಷದ ಡಿಸೆಂಬರ್ 22, ಈರೋಡಿನಲ್ಲಿ. ಮುಳಬಾಗಿಲಿಗೂ ಈರೋಡಿಗೂ ಮಹಾ ದೂರವೇನಿಲ್ಲ. ರಾಮಾನುಜನ್ 1920ರ ಏಪ್ರಿಲ್‌ನಲ್ಲಿ 32ಕ್ಕೆ ತೀರಿಹೋದರು. ಡಿವಿಜಿ 1975ರ ಅಕ್ಟೋಬರ್‌ವರೆಗೆ ಇದ್ದರು, 88 ವರ್ಷ. ರಾಮಾನುಜನ್ ಸ್ವಾತಂತ್ರ್ಯ ನೋಡಲಿಲ್ಲ, ಎರಡನೆಯ ಮಹಾಯುದ್ಧ ನೋಡಲಿಲ್ಲ. ಅವರು ಹೋದ ಮೇಲೂ ಡಿವಿಜಿಯವರಿಗೆ 55 ವರ್ಷಗಳ ಬಾಳು ಇತ್ತು. ಆದ್ದರಿಂದ ನಿಮ್ಮ ಪಟ್ಟಿಯಲ್ಲಿ ಹುಟ್ಟಿದ ವರ್ಷದ ಪಕ್ಕ ತೀರಿಕೊಂಡ ವರ್ಷಕ್ಕೂ ಜಾಗ ಇಡಿ. ಅದಿಲ್ಲದೆ ಆ ಸಾಲು ಅರ್ಧವೇ ಹೇಳುತ್ತದೆ.

ಪಂಚಾಂಗದ ಪ್ರಕಾರ ಇವರಿಬ್ಬರ ಸಂವತ್ಸರವೂ ಬೇರೆ. ಡಿವಿಜಿ ಯುಗಾದಿಗೆ ಮುಂಚಿನ ವ್ಯಯ, ರಾಮಾನುಜನ್ ಸರ್ವಜಿತ್.

ಕರ್ನಾಟಕದ ನೆಲದಲ್ಲಿ ಹೋರಾಡಿದ ವಿದೇಶಿಯರಲ್ಲಿ ಇಂಥ ಜೋಡಿ ಇದೆಯೇ?
— ಇತಿಹಾಸದ ವಿದ್ಯಾರ್ಥಿನಿ, ಮೈಸೂರು

ಜೋಡಿಯಲ್ಲಿ ಒಬ್ಬ ಇಲ್ಲಿಗೆ ಬಂದಿದ್ದ, ಇನ್ನೊಬ್ಬನ ಪತ್ರ ಇಲ್ಲಿಗೆಂದು ಹೊರಟಿತ್ತು. ನೆಪೋಲಿಯನ್ ಹುಟ್ಟಿದ್ದು 1769ರ ಆಗಸ್ಟ್ 15. ಮುಂದೆ ವಾಟರ್‌ಲೂನಲ್ಲಿ ಅವನನ್ನು ಸೋಲಿಸಿದ ವೆಲಿಂಗ್ಟನ್, ಅಂದರೆ ಆರ್ಥರ್ ವೆಲ್ಲೆಸ್ಲಿ, ಅದೇ 1769ರವನು, ಹುಟ್ಟುಹಬ್ಬವನ್ನು ಮೇ 1ಕ್ಕೆ ಆಚರಿಸುತ್ತಿದ್ದ. 1799ರ ಜನವರಿಯಲ್ಲಿ ನೆಪೋಲಿಯನ್ ಕೈರೋದಿಂದ ಟಿಪ್ಪುವಿಗೆ ಪತ್ರ ಬರೆದ. ಅದೇ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ವೆಲ್ಲೆಸ್ಲಿ ಅಲ್ಲಿನ ಬ್ರಿಟಿಷ್ ಸೇನೆಯಲ್ಲಿದ್ದ, 30 ತುಂಬಿ ಮೂರೇ ದಿನವಾಗಿತ್ತು. ಕೋಟೆಯ ಆಡಳಿತವೂ ಅವನ ಕೈಗೇ ಬಂತು.

ಕ್ರಿಕೆಟ್ ಮತ್ತು ಸಿನಿಮಾದವರನ್ನು ಮರೆಯಬೇಡಿ!
— ಭದ್ರಾವತಿ, ಗಾಜನೂರು, ಬೆಂಗಳೂರಿನ ಓದುಗರು

1949ರಲ್ಲಿ ಮೂವರು. ಭದ್ರಾವತಿಯ ಜಿ.ಆರ್. ವಿಶ್ವನಾಥ್ ಫೆಬ್ರವರಿ 12ಕ್ಕೆ, ಸುನಿಲ್ ಗಾವಸ್ಕರ್ ಜುಲೈ 10ಕ್ಕೆ, ಸಯ್ಯದ್ ಕಿರ್ಮಾನಿ ಡಿಸೆಂಬರ್ 29ಕ್ಕೆ. ವಿಶ್ವನಾಥ್ ಮದುವೆಯಾದದ್ದು ಗಾವಸ್ಕರ್ ತಂಗಿಯನ್ನು. 1969ರಲ್ಲಿ ಕಾನ್ಪುರದಲ್ಲಿ ಆಡಿದ ತಮ್ಮ ಮೊದಲ ಟೆಸ್ಟ್‌ನಲ್ಲಿ ವಿಶ್ವನಾಥ್ ಸೊನ್ನೆ ಮತ್ತು 137, ಗಾವಸ್ಕರ್ 1971ರ ತಮ್ಮ ಮೊದಲ ಸರಣಿಯಲ್ಲೇ 774 ರನ್. 1973ರಲ್ಲಿ ರಾಹುಲ್ ದ್ರಾವಿಡ್ ಜನವರಿ 11, ಸಚಿನ್ ತೆಂಡೂಲ್ಕರ್ ಏಪ್ರಿಲ್ 24, ನಡುವೆ 103 ದಿನ.

ಡಾ. ರಾಜ್‌ಕುಮಾರ್ 1929ರ ಏಪ್ರಿಲ್ 24. ಸಚಿನ್ ಜೊತೆ ಕೂಡುವುದು ತಾರೀಖು, ವರ್ಷವಲ್ಲ. ಇದೇ ರೀತಿ ಕಿರ್ಮಾನಿ ಕುವೆಂಪು ಜೊತೆ, ಡಿವಿಜಿ ಕವಿ ಪು.ತಿ.ನ. ಜೊತೆ ತಾರೀಖು ಮಾತ್ರ ಹಂಚಿಕೊಂಡಿದ್ದಾರೆ. ರಾಜ್‌ಕುಮಾರ್ ಅವರ ವರ್ಷದವರು ಕವಿ ಎ.ಕೆ. ರಾಮಾನುಜನ್ (ಮಾರ್ಚ್ 16), ರಂಗನಿರ್ದೇಶಕ ಬಿ.ವಿ. ಕಾರಂತ (ಸೆಪ್ಟೆಂಬರ್ 19), ಲತಾ ಮಂಗೇಶ್ಕರ್ (ಸೆಪ್ಟೆಂಬರ್ 28). 1938ರಲ್ಲಿ ಬಿ. ಸರೋಜಾದೇವಿ, ಎಸ್. ಜಾನಕಿ, ಗಿರೀಶ ಕಾರ್ನಾಡ, ಪೂರ್ಣಚಂದ್ರ ತೇಜಸ್ವಿ ನಾಲ್ವರೂ ಇದ್ದಾರೆ. ಒಂದೇ ವರ್ಷದ ಪಟ್ಟಿ ಮಾಡುವವರಿಗೆ ನಾವು ಮೊದಲು ಸೂಚಿಸುವುದು ಈ 1938ನ್ನೇ.

ಊರಿನ ಹಿರಿಯರ ಹುಟ್ಟಿದ ವರ್ಷಗಳ ದಾಖಲೆ ಮಾಡುತ್ತಿದ್ದೇವೆ. ಅರ್ಧಕ್ಕರ್ಧ ಜನರದು ಜೂನ್ 1! ಏನು ಮಾಡುವುದು?
— ಯುವಕ ಸಂಘ, ಗದಗ ಜಿಲ್ಲೆ

ಅದು ಶಾಲೆಗೆ ಸೇರಿಸುವ ದಿನ ಮೇಷ್ಟ್ರು ಬರೆದುಕೊಂಡ ತಾರೀಖು. ವಯಸ್ಸು ಸಾಲಬೇಕೆಂದು ಶಾಲೆ ತೆರೆಯುವ ದಿನಕ್ಕೆ ಲೆಕ್ಕ ಕೂಡಿಸುತ್ತಿದ್ದರು. ಜೂನ್ 1 ಕಂಡರೆ ಇಸವಿಯನ್ನೂ ಅನುಮಾನಿಸಿ, ಒಂದೆರಡು ವರ್ಷ ಹಿಂದೆ ಮುಂದೆ ಆಗಿರುತ್ತದೆ. ವಹಿಯಲ್ಲಿ ಹೆಸರು, ದಾಖಲೆಯ ತಾರೀಖು, ಮನೆಯವರು ಹೇಳುವ ತಿಥಿ ಅಥವಾ ಹಬ್ಬ, ವಾರ, ಮಾಹಿತಿಯ ಮೂಲ ಎಂದು ಐದು ಅಂಕಣ ಮಾಡಿ. ಎರಡು ತಾರೀಖು ಸಿಕ್ಕರೆ ಎರಡನ್ನೂ ಬರೆಯಿರಿ, ಒಂದನ್ನು ಹೊಡೆದುಹಾಕಬೇಡಿ. ತಾಯಂದಿರು ತಾರೀಖು ಮರೆತರೂ ‘ಕಾರಹುಣ್ಣಿಮೆ ಆಗಿ ಮೂರನೇ ದಿನ, ಸೋಮವಾರ’ ಎಂಬುದನ್ನು ಮರೆಯುವುದಿಲ್ಲ. ಆ ಮಾತಿಗೆ ಬೆಲೆ ಕೊಡಿ.

ವಾರ ತಾಳೆ ನೋಡುವ ಲೆಕ್ಕ: ಇಸವಿಯ ಕೊನೆಯ ಎರಡು ಅಂಕಿ, ಅದರ ಕಾಲುಭಾಗ (ಶೇಷ ಬಿಡಿ), ತಿಂಗಳ ಅಂಕಿ, ತಾರೀಖು ಕೂಡಿಸಿ 7ರಿಂದ ಭಾಗಿಸಿ. ಶೇಷ 0 ಭಾನುವಾರ, 1 ಸೋಮವಾರ, ಹೀಗೆ 6 ಶನಿವಾರ. ಜನವರಿಯಿಂದ ಡಿಸೆಂಬರ್‌ವರೆಗೆ ತಿಂಗಳ ಅಂಕಿಗಳು 0, 3, 3, 6, 1, 4, 6, 2, 5, 0, 3, 5. ಇದು 1900ರಿಂದ 1999ರವರೆಗೆ. 1800ರ ಶತಮಾನಕ್ಕೆ 2 ಸೇರಿಸಿ, 2000ದ ನಂತರಕ್ಕೆ 1 ಕಳೆಯಿರಿ. ಅಧಿಕ ವರ್ಷದ ಜನವರಿ, ಫೆಬ್ರವರಿಗೆ ಇನ್ನೊಂದು 1 ಕಳೆಯಬೇಕು. ಇದನ್ನು ಮರೆತರೆ ಬೇಂದ್ರೆಯವರ ಶುಕ್ರವಾರ ಶನಿವಾರವಾಗಿಬಿಡುತ್ತದೆ. ಕುವೆಂಪು ಅವರದನ್ನು ನೋಡಿ: 4, ಕಾಲುಭಾಗ 1, ಡಿಸೆಂಬರಿಗೆ 5, ತಾರೀಖು 29. ಮೊತ್ತ 39, ಶೇಷ 4, ಗುರುವಾರ.